ಧಾರಾವಾಹಿ ಪಾತ್ರಕ್ಕೊಂದು ಖಾತೆವಹಿ: ಗೂಗಲ್ ಶೀಟ್ಸ್ ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

ಕಾರವಾರದಿಂದ ಶಿರಸಿಯ ಅಡಿಕೆ ತೋಟದ ಮನೆಗೆ ಬಂದ ಸೊಸೆಯೊಬ್ಬಳ ಕಥೆ ಅಂದುಕೊಳ್ಳಿ. ಸೋಮವಾರ ಅವಳು ಆ ಮನೆಯವರ ಮಾತಿನಲ್ಲಿ "ಇಲ್ಲೆ" ಅನ್ನುತ್ತಾಳೆ, ಮಂಗಳವಾರ ಧಾರವಾಡದವರ ಹಾಗೆ "ಇಲ್ಲಾರೀ" ಅನ್ನುತ್ತಾಳೆ, ಬುಧವಾರ ಮತ್ತೆ "ಇಲ್ಲೆ". ಬೆಂಗಳೂರಿನ ಎಡಿಟಿಂಗ್ ಕೋಣೆಯಲ್ಲಿ ಇದು ಯಾರ ಕಿವಿಗೂ ಬೀಳದೆ ಹೋಗಬಹುದು. ಶಿರಸಿಯಲ್ಲಿ ಕವಳ (ಎಲೆಯಡಿಕೆ) ಮೆಲ್ಲುತ್ತ ಟೀವಿ ಮುಂದೆ ಕೂತವರ ಕಿವಿಗೆ ಖಂಡಿತ ಬೀಳುತ್ತದೆ. ನಟಿ ಚೆನ್ನಾಗಿಯೇ ಮಾಡಿರುತ್ತಾಳೆ, ಸಂಭಾಷಣೆಯೂ ಚೆನ್ನಾಗಿಯೇ ಇರುತ್ತದೆ, ಪಾತ್ರ ಮಾತ್ರ ಸಂಚಿಕೆಯಿಂದ ಸಂಚಿಕೆಗೆ ಬೇರೆ ಹೆಂಗಸಾಗಿರುತ್ತದೆ.

ಇದಕ್ಕೆ ಕಾರಣ ಯಾರ ಉದಾಸೀನವೂ ಅಲ್ಲ, ಕೆಲಸದ ಕ್ರಮ. ದಿನದ ಧಾರಾವಾಹಿಯಲ್ಲಿ ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು 20–22 ನಿಮಿಷ, ವಾರಕ್ಕೆ ಐದಾರು ಸಂಚಿಕೆ. ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಅಡುಗೆಮನೆಯಲ್ಲಿ ನಡೆಯುವುದನ್ನೆಲ್ಲ ಒಟ್ಟಿಗೆ, ಅತ್ತೆ ಪಾತ್ರದವರ ಡೇಟ್ಸ್ ಮುಗಿಯುವುದರೊಳಗೆ ಅವರದ್ದನ್ನೆಲ್ಲ ಒಟ್ಟಿಗೆ ತೆಗೆಯುತ್ತಾರೆ. ಸೀನ್ ಪೇಪರ್ (ದೃಶ್ಯದ ಮಾತು ಬರೆದ ಹಾಳೆ) ಎಷ್ಟೋ ಸಲ ಬೆಳಿಗ್ಗೆ ಸೆಟ್ಟಿಗೆ ಬರುತ್ತದೆ. ಕ್ಯಾಮೆರಾ ಪಕ್ಕದಿಂದ ಅಸಿಸ್ಟೆಂಟ್ ಒಬ್ಬರು ಸಾಲು ಸಾಲಾಗಿ ಪ್ರಾಂಪ್ಟ್ ಮಾಡುತ್ತಾರೆ. ಆ ಅಸಿಸ್ಟೆಂಟ್ ಮಂಡ್ಯದವರಾದರೆ ಅವತ್ತಿನ ಅತ್ತೆಯ ಮಾತಿನಲ್ಲಿ ಮಂಡ್ಯ ನುಸುಳುತ್ತದೆ, ಧಾರವಾಡದವರಾದರೆ ಧಾರವಾಡ. ಬರೆಯುವವರು ನಡುವೆ ಬದಲಾಗುತ್ತಾರೆ, ಸಂಚಿಕೆ ನಿರ್ದೇಶಕರೂ ಬದಲಾಗುತ್ತಾರೆ. ಆ ಪಾತ್ರದ ಪ್ರತಿಯೊಂದು ದೃಶ್ಯದಲ್ಲೂ ಇದ್ದವರು ಒಬ್ಬರೇ, ಅದನ್ನು ಮಾಡಿದ ಕಲಾವಿದರು. ಆದರೆ ಅವರ ನೆನಪಿಗೆ ಕಾಗದದಲ್ಲಿ ಜಾಗವಿರುವುದಿಲ್ಲ.

ನಮ್ಮ ಸೀಮೆಗೆ ಈ ಹಂಚಿಕೆ ಹೊಸದೇನಲ್ಲ. ವೇಷ, ಕುಣಿತವಿಲ್ಲದೆ ಕೂತು ಆಡುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪದ್ಯ ಪ್ರಸಂಗಕರ್ತನದು, ಹಾಡುವವರು ಭಾಗವತರು, ಅರ್ಥ ಮಾತ್ರ ಅರ್ಥಧಾರಿಯದು, ಆ ಹೊತ್ತಿಗೆ ಹುಟ್ಟುವ ಮಾತು. ಅರ್ಥಧಾರಿ ಎಷ್ಟು ದೂರ ಹೋದರೂ ಮುಂದಿನ ಪದ್ಯಕ್ಕೆ ಬಂದು ಸೇರಲೇಬೇಕು. ಹಾಗಾಗಿ ಕರ್ಣ ಯಾರ ಬಾಯಲ್ಲಿ ಬಂದರೂ ಕರ್ಣನೇ. ಧಾರಾವಾಹಿಯಲ್ಲಿ ಆ ಪದ್ಯದ ಜಾಗ ಖಾಲಿ. ಅಲ್ಲಿಡಲು ಒಂದು ಖಾತೆವಹಿ ಬೇಕು. ಅದನ್ನು ಗೂಗಲ್ ಶೀಟ್ಸ್ ಎಂಬ ಕೋಷ್ಟಕ ತಂತ್ರಾಂಶದಲ್ಲಿ ಇಟ್ಟರೆ ಹೇಗೆ ಎನ್ನುವುದು ಈ ವಿಮರ್ಶೆಯ ವಿಷಯ.

ಮೊದಲು ಹಣದ ಮಾತು. ಜಿಮೇಲ್ ಖಾತೆಯಿದ್ದವರಿಗೆ ಪುಕ್ಕಟೆ. ಮೇಲ್, ಫೋಟೋ, ಕಡತ ಎಲ್ಲ ಸೇರಿ 15 ಜಿಬಿ ಜಾಗ. ಒಂದು ಕಡತಕ್ಕೆ ಒಂದು ಕೋಟಿ ಚೌಕಗಳ (ಸೆಲ್) ಮಿತಿ ಇದೆ. ಸಾವಿರ ಸಂಚಿಕೆ ಓಡಿದರೂ ಅದನ್ನು ಮುಟ್ಟುವುದು ಕಷ್ಟ. ಜಾಗದ ಚಿಂತೆ ಬೇಡ, ಚಿಂತೆ ಮಾಡಬೇಕಾದದ್ದು ಯಾವ ಕಾಲಂ ಬೇಕು ಎನ್ನುವುದರ ಬಗ್ಗೆ.

ಹೆಚ್ಚಿನವರು ಶುರು ಮಾಡುವುದು ಪಾತ್ರದ ಜಾತಕದಿಂದ: ವಯಸ್ಸು, ಓದು, ಇಷ್ಟದ ಬಣ್ಣ, ಬಾಲ್ಯದ ನೋವು. ಒಂದು ಟ್ಯಾಬ್ (ಕಡತದೊಳಗಿನ ಒಂದು ಹಾಳೆ) ಇದಕ್ಕೆ ಕೊಡಿ, ಆದರೆ ಅದರ ಮೇಲೆ ಸಮಯ ಕಳೆಯಬೇಡಿ. ಇಷ್ಟದ ಬಣ್ಣ ತಪ್ಪಿದ್ದಕ್ಕೆ ಯಾರೂ ಚಾನೆಲ್ ಬದಲಿಸುವುದಿಲ್ಲ. ಪಾತ್ರ ಒಡೆಯುವುದು ಮೂರು ಕಡೆ: ಯಾರನ್ನು ಏನೆಂದು ಕರೆಯುತ್ತಾಳೆ, ಏನು ಗೊತ್ತು ಏನು ಗೊತ್ತಿಲ್ಲ, ಯಾವ ಮಾತನ್ನು ಆಡುವುದೇ ಇಲ್ಲ.

ಕರೆಯುವ ಟ್ಯಾಬ್ ಚೌಕಾಕಾರದ್ದು. ಎಡಗಡೆ ಕರೆಯುವವರು, ಮೇಲೆ ಕರೆಸಿಕೊಳ್ಳುವವರು. 12 ಪಾತ್ರವಿದ್ದರೆ, ತನ್ನನ್ನು ತಾನು ಕರೆಯುವುದನ್ನು ಬಿಟ್ಟು 132 ಜೋಡಿ. ಪ್ರತಿ ಜೋಡಿಗೆ ಮೂರು ಸಂಗತಿ, ಒಂದೊಂದಕ್ಕೆ ಒಂದು ಚೌಕ: ಸಂಬೋಧನೆ, ಏಕವಚನವೋ ಬಹುವಚನವೋ. ಮೂರನೆಯದು ಹಲವರು ಮರೆಯುವಂಥದ್ದು: ಎದುರಿಗಿಲ್ಲದಾಗ ಹೇಗೆ. ಶಿರಸಿ ಕಡೆಯ ಹವ್ಯಕ ಬ್ರಾಹ್ಮಣ ಮನೆಯ ಕಥೆಗೆ ಈ ಮೂರನೆಯದು ಜೀವಾಳ. ಆ ಮಾತಿನಲ್ಲಿ ಹೆಂಗಸರಿಗೆ ನಪುಂಸಕ ಲಿಂಗದ ಕ್ರಿಯಾಪದ ಸಹಜ: "ಅಕ್ಕ ಬಂತು" ಎಂದರೆ ಅಗೌರವವಲ್ಲ. ಬೆಂಗಳೂರಿನಲ್ಲಿ ಕೂತವರು ಅದನ್ನು "ಅಕ್ಕ ಬಂದ್ಲು" ಎಂದು ತಿದ್ದುತ್ತಾರೆ. ಅಥವಾ ತಿದ್ದದೆ ಬಿಟ್ಟು, ಮುಂದಿನ ದೃಶ್ಯದಲ್ಲಿ ಅದೇ ಮನುಷ್ಯನ ಬಾಯಲ್ಲಿ "ಬಂದ್ರು" ಹಾಕುತ್ತಾರೆ. ಇಡೀ ರಾಜ್ಯದ ನೋಡುಗರಿಗೆ "ಬಂತು" ಕಿವಿಗೆ ಒಗ್ಗುವುದಿಲ್ಲ ಎಂದಾದರೆ ಆ ನಿರ್ಧಾರವನ್ನು ಒಮ್ಮೆ ಮಾಡಿ, ಟ್ಯಾಬಿನ ಮೊದಲ ಸಾಲಿನಲ್ಲೇ ಬರೆದಿಡಿ. ಎರಡರಲ್ಲಿ ಯಾವುದಾದರೂ ಸರಿ, ಎರಡನ್ನೂ ಬೆರೆಸಿದರೆ ತಪ್ಪು.

ಇಲ್ಲೇ ಇನ್ನೊಂದು ಸಾಮಾನ್ಯ ಎಡವಟ್ಟು. ಹವ್ಯಕರ ಮಾತು ಎಂದರೆ ಎಲ್ಲ ಒಂದೇ ಎಂದುಕೊಂಡು, ಪುತ್ತೂರು ಕಡೆಯ "ಅಬ್ಬೆ"ಯನ್ನು ತಂದು ಶಿರಸಿಯ ಮಾಣಿಯ (ಹುಡುಗನ) ಬಾಯಲ್ಲಿ ಹಾಕುವುದು. ಇಲ್ಲಿ ಅಮ್ಮನಿಗೆ "ಆಯಿ". ಸಂಬೋಧನೆಯ ಚೌಕದಲ್ಲಿ ಒಮ್ಮೆ "ಆಯಿ" ಎಂದು ಬಿದ್ದರೆ ಮತ್ತೆ ಚರ್ಚೆಯಿಲ್ಲ.

ಶೀಟ್ಸ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮೇಲಿನ ಸಾಲು, ಎಡಗಡೆಯ ಕಾಲಂ ಎರಡನ್ನೂ ಫ್ರೀಜ್ ಮಾಡಿದರೆ ಎಷ್ಟು ಸರಿಸಿದರೂ ಹೆಸರುಗಳು ಕಣ್ಣ ಮುಂದೆಯೇ ಇರುತ್ತವೆ. ಏಕವಚನ–ಬಹುವಚನಕ್ಕೆ ಡ್ರಾಪ್‌ಡೌನ್ (ಆರಿಸಿಕೊಳ್ಳುವ ಪಟ್ಟಿ) ಇಟ್ಟರೆ ಒಬ್ಬರು "ಏಕ", ಇನ್ನೊಬ್ಬರು "ನೀನು", ಮತ್ತೊಬ್ಬರು "ಸಿಂಗುಲರ್" ಎಂದು ಬರೆಯುವ ಗೊಂದಲ ತಪ್ಪುತ್ತದೆ. ಎಲ್ಲಕ್ಕಿಂತ ದೊಡ್ಡದು ಚೌಕದ ಇತಿಹಾಸ. ಕಂಪ್ಯೂಟರಿನಲ್ಲಿ ಚೌಕದ ಮೇಲೆ ಬಲಗಡೆ ಕ್ಲಿಕ್ ಮಾಡಿ ತಿದ್ದುಪಡಿಯ ಇತಿಹಾಸ ನೋಡಿದರೆ ಯಾರು, ಯಾವತ್ತು, ಮೊದಲೇನಿತ್ತು ಎಲ್ಲ ಕಾಣುತ್ತದೆ. ಮದುವೆಯ ಮೊದಲು "ನೀವು", ನಂತರ "ನೀನು" ಎಂದಾದದ್ದು ಯಾರ ತೀರ್ಮಾನ ಎಂಬ ಜಗಳ ಅಲ್ಲಿಗೆ ಮುಗಿಯಿತು. ಒಂದೇ ಷರತ್ತು: ಲಿಂಕ್ ಸಿಕ್ಕವರೆಲ್ಲ ತಿದ್ದಬಹುದು ಎಂದು ಬಿಡಬಾರದು, ಒಬ್ಬೊಬ್ಬರ ಮೇಲ್ ವಿಳಾಸ ಹಾಕಿಯೇ ಕೊಡಬೇಕು. ಇಲ್ಲವಾದರೆ ಇತಿಹಾಸದಲ್ಲಿ ಹೆಸರಿಲ್ಲದ ಅನಾಮಿಕರೇ ತುಂಬಿಕೊಳ್ಳುತ್ತಾರೆ.

ಎರಡನೆಯದು ತಿಳಿವಳಿಕೆಯ ಟ್ಯಾಬ್. ಇದರಲ್ಲಿ ಪಾತ್ರದ ಗುಣ ಬರೆಯಬಾರದು, ಬರೀ ಸುದ್ದಿ. ಒಂದು ಸಾಲಿಗೆ ಒಂದು ಗುಟ್ಟು. ಕಾಲಂಗಳು: ಗುಟ್ಟು ಏನು, ಯಾರಿಗೆ ತಿಳಿಯಿತು, ಯಾವ ಸಂಚಿಕೆ, ಯಾರಿಂದ, ಪೂರ್ತಿಯೋ ಅರೆಬರೆಯೋ, ತನಗೆ ಗೊತ್ತೆಂದು ಯಾರ ಮುಂದೆ ಒಪ್ಪಿಕೊಂಡಿದ್ದಾಳೆ. ಕೊನೆಯ ಕಾಲಂ ನಟರಿಗೆ ಚಿನ್ನ. ಸೊಸೆಗೆ ಮಾವನ ಸಾಲದ ವಿಷಯ ಗೊತ್ತು, ಆದರೆ ಗೊತ್ತೆಂದು ಮಾವನಿಗೆ ಗೊತ್ತಿಲ್ಲ: ಇದು ಕಾಗದದಲ್ಲಿ ಕಣ್ಣಿಗೆ ಬಿದ್ದರೆ ಊಟ ಬಡಿಸುವ ಮಾಮೂಲಿ ದೃಶ್ಯವನ್ನೂ ಅವಳು ಬೇರೆ ರೀತಿ ಮಾಡುತ್ತಾಳೆ. ಕಾಣದಿದ್ದರೆ ಬರೀ ತಂಬುಳಿ ಬಡಿಸುತ್ತಾಳೆ.

ಸಂಚಿಕೆ ಸಂಖ್ಯೆ ಬರೆಯುವಾಗ ಪ್ರಸಾರದ ಸಂಖ್ಯೆಯನ್ನೇ ಬರೆಯಿರಿ, ಶೂಟಿಂಗ್ ತಾರೀಖು ಬೇಡ; ಅದಕ್ಕೆ ಬೇರೆ ಕಾಲಂ ಮಾಡಿ. ಎರಡನ್ನೂ ಒಂದೇ ಕಾಲಂನಲ್ಲಿ ಬೆರೆಸಿದರೆ, ವಿಂಗಡಿಸಿದಾಗ ಸುದ್ದಿ ತಿಳಿಯುವ ಮೊದಲೇ ಪಾತ್ರ ಅಳುತ್ತಿರುತ್ತದೆ.

ವಿಂಗಡಣೆ ಎಂದಾಗ ಒಂದು ಎಚ್ಚರಿಕೆ. ಒಬ್ಬರು ತಮಗೆ ಬೇಕೆಂದು ಸಾರ್ಟ್ ಮಾಡಿದರೆ ಎಲ್ಲರ ಪರದೆಯಲ್ಲೂ ಸಾಲುಗಳು ಅದಲುಬದಲಾಗುತ್ತವೆ. ಅದಕ್ಕಿಂತ ಕೆಟ್ಟದ್ದು, ಒಂದೇ ಕಾಲಂ ಆಯ್ದು ಆ ವ್ಯಾಪ್ತಿಯನ್ನಷ್ಟೇ ಸಾರ್ಟ್ ಮಾಡುವುದು: ಗುಟ್ಟೊಂದು ಕಡೆ, ಸಂಚಿಕೆ ಸಂಖ್ಯೆ ಇನ್ನೊಂದು ಕಡೆ. ಯಾರ ಕಣ್ಣಿಗೂ ತಕ್ಷಣ ಬೀಳದ ತಪ್ಪು ಇದು. ತಮ್ಮ ಪಾತ್ರವನ್ನಷ್ಟೇ ನೋಡಬೇಕೆನ್ನುವವರಿಗೆ ಫಿಲ್ಟರ್ ವ್ಯೂ ಮಾಡಿಕೊಡಿ. ಅದು ನೋಡುವವರಿಗೆ ಮಾತ್ರ ಬದಲಾಗುತ್ತದೆ. ಮುಖ್ಯ ಘಟ್ಟಗಳಲ್ಲಿ ಆವೃತ್ತಿಗೆ ಹೆಸರಿಟ್ಟು ಉಳಿಸಿ ("ಸಂಚಿಕೆ 60ರ ತನಕ" ಎನ್ನುವಂತೆ). ಏನಾದರೂ ಕೆಟ್ಟರೆ ಅಲ್ಲಿಗೆ ಮರಳಬಹುದು.

ಮೂರನೆಯದು ಮಾತಿನ ಟ್ಯಾಬ್. ಗೂಗಲ್ ಶೀಟ್ಸ್ ಅರ್ಧಕ್ಕರ್ಧ ಸೋಲುವುದು ಇಲ್ಲಿ.

ಪಾತ್ರ ಆಡದ ಮಾತುಗಳ ಪಟ್ಟಿ ಮಾಡಲು ಏನೂ ತೊಂದರೆಯಿಲ್ಲ. ಮಾವ ಎಂದೂ "ಸಾರಿ" ಅನ್ನುವುದಿಲ್ಲ, ತಪ್ಪೊಪ್ಪಿಕೊಳ್ಳಬೇಕಾದಾಗ "ಆಸರಿಗೆ ಬೇಕಾ?" (ಕುಡಿಯಲು ಏನಾದರೂ ಬೇಕಾ) ಎಂದು ಕೇಳುತ್ತಾನೆ. ಇಂಥ ಒಂದು ಸಾಲು ಹತ್ತು ಪುಟದ ಜಾತಕಕ್ಕೆ ಸಮ. ಸೊಸೆಯ ಮಾತಿಗೆ ಬೇಕಾದದ್ದು ಮೆಟ್ಟಿಲುಗಳು. ಕಾರವಾರದವಳು, ತವರಿನೊಂದಿಗೆ ಫೋನಿನಲ್ಲಿ ಕೊಂಕಣಿ, ಗಂಡನೊಂದಿಗೆ ಶಾಲೆ-ಕಾಲೇಜಿನ ಕನ್ನಡ. ಈ ಮನೆಯ ಮಾತು ಅವಳ ನಾಲಿಗೆಗೆ ಹತ್ತುವುದು ನಿಧಾನ: ಮೊದಲು "ಮಾಣಿ", "ಕೂಸು" (ಹುಡುಗಿ) ಎಂಬ ಹೆಸರುಪದ, ಆಮೇಲೆ "ಇಲ್ಲೆ", ಎಲ್ಲಕ್ಕಿಂತ ಕೊನೆಗೆ "ಆನು". ನಾನು ಹೋಗಿ ಆನು ಆಗುವುದೆಂದರೆ ಅವಳು ಆ ಮನೆಯವಳಾದಳು ಎಂದರ್ಥ. ಆ ಸಂಚಿಕೆಯನ್ನು ಬರೆಯುವವರು ಆರಿಸಬೇಕು, ಅಕಸ್ಮಾತ್ ಪ್ರಾಂಪ್ಟಿಂಗ್‌ನಲ್ಲಿ ಬಂದುಬಿಡಬಾರದು. ಒಮ್ಮೆ ಏರಿದ ಮೆಟ್ಟಿಲಿನಿಂದ ಇಳಿಯುವುದು ಎರಡೇ ಸಂದರ್ಭದಲ್ಲಿ, ತವರಿನ ಫೋನು ಮತ್ತು ಕಡುಕೋಪ. ಇಷ್ಟು ಬರೆದಿಟ್ಟರೆ ಹೊಸದಾಗಿ ಬಂದ ಸಂಭಾಷಣೆಕಾರರೂ ದಾರಿ ತಪ್ಪುವುದಿಲ್ಲ.

ಆದರೆ ಮಾತಿನ ರಾಗ ಚೌಕದಲ್ಲಿ ಹಿಡಿಯುವಂಥದ್ದಲ್ಲ. ಚೌಕದೊಳಗೆ ಚಿತ್ರ ಇಡಬಹುದು, ಧ್ವನಿ ಇಡಲಾಗದು. ಡ್ರೈವ್‌ನಲ್ಲಿ ಕಡತ ಹಾಕಿ ಲಿಂಕ್ ಕೊಡಬೇಕು, ಆ ಕಡತಕ್ಕೂ ಬೇರೆಯಾಗಿ ಅನುಮತಿ ಕೊಡಬೇಕು. ಅನುಮತಿ ಕೊಡಲು ಮರೆತರೆ ಸೆಟ್ಟಿನಲ್ಲಿ ಫೋನ್ ಒತ್ತಿದವರಿಗೆ ಕಾಣುವುದು ಬೇಡಿಕೆ ಕಳಿಸಿ ಎನ್ನುವ ಪರದೆ. ಬಾಯಲ್ಲಿ ಹೇಳಿ ಬರೆಸುವ ಸೌಕರ್ಯ ಗೂಗಲ್ ಡಾಕ್ಸ್‌ನಲ್ಲಿದೆ, ಕನ್ನಡಕ್ಕೂ ಇದೆ. ಆದರೆ ಅದಕ್ಕೆ ಗೊತ್ತಿರುವುದು ಒಂದೇ ಕನ್ನಡ. ಹವ್ಯಕ, ಹಾಲಕ್ಕಿ, ಕುಂದಾಪುರದ ಮಾತು ಎಂದು ಆರಿಸುವ ಅವಕಾಶವಿಲ್ಲ, ಆಡಿದ್ದನ್ನು ತನಗೆ ಗೊತ್ತಿರುವ ಹತ್ತಿರದ ಪದಕ್ಕೆ ತಿದ್ದಿಕೊಂಡುಬಿಡುತ್ತದೆ. ಧ್ವನಿಗೆ ವಾಟ್ಸಾಪ್ ವಾಯ್ಸ್ ನೋಟೇ ಸುಲಭ. ಆ ಊರಿನ ಕಲಾವಿದರೊಬ್ಬರಿಂದ ಪಾತ್ರದ ಹತ್ತು ವಾಕ್ಯ ಹೇಳಿಸಿ: ಕೋಪದ್ದು ಎರಡು, ಕರೆಯುವುದು ಎರಡು, ಒಲ್ಲೆ ಎನ್ನುವುದು ಎರಡು, ಉಳಿದದ್ದು ಸಾದಾ. ಅದನ್ನು ಕೇಳಬೇಕಾದವರು ನಟರಿಗಿಂತ ಮೊದಲು ಪ್ರಾಂಪ್ಟ್ ಮಾಡುವ ಅಸಿಸ್ಟೆಂಟ್.

ಕನ್ನಡ ಟೈಪಿಂಗಿನ ಕಿರಿಕಿರಿಯೂ ಉಂಟು. ಹಳೆಯ ನುಡಿ, ಬರಹ ಫಾಂಟಿನಲ್ಲಿ ಬರೆದ ಸೀನ್ ಪೇಪರನ್ನು ನೇರ ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಸ ಬೀಳುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು, ಒತ್ತಕ್ಷರಗಳನ್ನು ಕಣ್ಣಾರೆ ನೋಡಬೇಕು. ಹುಡುಕಾಟಕ್ಕೆ ಕಾಗುಣಿತ ಒಂದೇ ಇರಬೇಕು. ಒಬ್ಬರು ಶಿರಸಿ, ಇನ್ನೊಬ್ಬರು ಶಿರ್ಸಿ, ಮತ್ತೊಬ್ಬರು ಸಿರ್ಸಿ ಎಂದು ಬರೆದರೆ ಹುಡುಕಿದಾಗ ಮೂರರಲ್ಲೊಂದು ಪಾಲು ಮಾತ್ರ ಸಿಗುತ್ತದೆ.

ಇನ್ನು ಇಡೀ ಕಡತದ ಪ್ರಾಣವಾದ ಟ್ಯಾಬ್: ಆಕ್ಷೇಪ. "ಇವಳು ಹೀಗೆ ಮಾಡಲ್ಲ" ಎಂದು ಕಲಾವಿದರು ಹೇಳುವ ಜಾಗ. ಸೆಟ್ಟಿನಲ್ಲಿ ಈ ಮಾತು ಬಂದರೆ ಎರಡು ರೀತಿ ಮುಗಿಯುತ್ತದೆ. ನಿರ್ದೇಶಕರು "ಬರೆದಿದ್ದು ಹೇಳಿ ಸಾಕು" ಅನ್ನುತ್ತಾರೆ, ಇಲ್ಲವೇ ಅಲ್ಲೇ ಮಾತು ಬದಲಾಗುತ್ತದೆ, ಆದರೆ ಬರೆಯುವವರಿಗೆ ತಿಳಿಯುವುದೇ ಇಲ್ಲ. ಎರಡನೆಯದು ಹೆಚ್ಚು ಅಪಾಯದ್ದು. ಬದಲಾದ ಮಾತಿನ ಮೇಲೆ ಪಾತ್ರ ಮುಂದೆ ಹೋಗಿರುತ್ತದೆ, ಬರವಣಿಗೆ ಹಳೆಯ ಮಾತಿನ ಮೇಲೆ ನಿಂತಿರುತ್ತದೆ.

ಈ ಕೂಡಿಕೆ ಸರಿಯಾಗಿ ನಡೆದರೆ ಏನಾಗುತ್ತದೆ ಎನ್ನುವುದಕ್ಕೆ ಹಳೆಯ ಉದಾಹರಣೆ ಅಮೆರಿಕದ್ದು. 1966ರಲ್ಲಿ ಶುರುವಾದ 'ಸ್ಟಾರ್ ಟ್ರೆಕ್' ಧಾರಾವಾಹಿಯಲ್ಲಿ ಸ್ಪಾಕ್ ಎಂಬ ಪಾತ್ರ ಎದುರಾಳಿಯ ತಲೆಗೆ ಆಯುಧದಿಂದ ಹೊಡೆದು ಕೆಡವುವ ದೃಶ್ಯವಿತ್ತು. ಸಂಯಮವೇ ಸ್ವಭಾವವಾದ ಈ ಮನುಷ್ಯ ಹಾಗೆ ಹೊಡೆಯುವವನಲ್ಲ ಎಂದು ಪಾತ್ರ ಮಾಡುತ್ತಿದ್ದ ಲಿಯೊನಾರ್ಡ್ ನಿಮೋಯ್ ತಕರಾರು ತೆಗೆದರು. ಬರೀ ಒಲ್ಲೆ ಎನ್ನಲಿಲ್ಲ, ಕುತ್ತಿಗೆ–ಭುಜ ಸೇರುವಲ್ಲಿ ಬೆರಳಿನಿಂದ ಒತ್ತಿ ಎಚ್ಚರ ತಪ್ಪಿಸುವ ಉಪಾಯ ತೋರಿಸಿದರು. ಬರೆಯುವವರು ಅದನ್ನು ಅಲ್ಲಿಗೆ ಬಿಡದೆ ಪಾತ್ರದ ಗುಣವಾಗಿಯೇ ಮುಂದುವರಿಸಿದರು. ಬೆರಳು ಅಗಲಿಸಿ ಹಸ್ತ ಎತ್ತುವ ಅವನ ನಮಸ್ಕಾರವೂ ನಟರದೇ ಕೊಡುಗೆ, ಯಹೂದಿ ಪುರೋಹಿತರ ಆಶೀರ್ವಾದದ ಮುದ್ರೆಯಿಂದ ತಂದದ್ದು. ಆಕ್ಷೇಪದ ಟ್ಯಾಬಿಗೆ ಬೇಕಾದ ಕಾಲಂಗಳು ಈ ಒಂದು ಪ್ರಸಂಗದಲ್ಲೇ ಇವೆ: ಬರೆದದ್ದು ಏನು, ಪಾತ್ರದ ಯಾವ ಹಿಂದಿನ ನಡೆಗೆ ಇದು ವಿರುದ್ಧ (ಸಂಚಿಕೆ ಸಂಖ್ಯೆಯೊಂದಿಗೆ), ಬದಲು ಏನು, ಬರೆಯುವವರ ಉತ್ತರ, ಇದು ಮುಂದಕ್ಕೂ ನಿಯಮವೋ, ಆ ದೃಶ್ಯಕ್ಕೆ ಮಾತ್ರವೋ.

ಎರಡನೆಯ ಕಾಲಂ ಖಾಲಿಯಿದ್ದರೆ ಆಕ್ಷೇಪವನ್ನು ತೆಗೆದುಕೊಳ್ಳಬೇಡಿ. ಅದು ಪಾತ್ರದ ತಕರಾರಲ್ಲ, ಕಲಾವಿದರ ಇಷ್ಟಾನಿಷ್ಟ. ತನ್ನ ಪಾತ್ರ ಕೆಟ್ಟದಾಗಿ ಕಾಣಬಾರದು ಎಂಬ ಆಸೆ ಯಾರಿಗಿಲ್ಲ? ಹಾಗೆಯೇ ಉತ್ತರದ ಕಾಲಂ ಎರಡು ಸಂಚಿಕೆಯೊಳಗೆ ತುಂಬದಿದ್ದರೆ ಮೂರನೇ ವಾರಕ್ಕೆ ಯಾರೂ ಅಲ್ಲಿ ಬರೆಯುವುದಿಲ್ಲ. ಕಂಡೀಶನಲ್ ಫಾರ್ಮ್ಯಾಟಿಂಗ್‌ನಲ್ಲಿ, ಆಕ್ಷೇಪವಿದ್ದು ಉತ್ತರವಿಲ್ಲದ ಸಾಲು ಕೆಂಪಾಗುವಂತೆ ಮಾಡಿ. ಪ್ರಧಾನ ನಿರ್ದೇಶಕರಿಗೆ ದಿನಾ ಕಡತ ಓದಲು ಪುರುಸೊತ್ತಿರುವುದಿಲ್ಲ, ಕೆಂಪು ಎಣಿಸಲು ಇರುತ್ತದೆ.

ಅನುಮತಿಯ ವಿಷಯದಲ್ಲಿ ಶೀಟ್ಸ್ ಸ್ವಲ್ಪ ವಕ್ರ. ಕಲಾವಿದರು ಒಂದೇ ಟ್ಯಾಬಿನಲ್ಲಿ ಬರೆಯಬೇಕು ಎಂದರೆ ಅವರಿಗೆ ಇಡೀ ಕಡತದ ಎಡಿಟರ್ ಅನುಮತಿ ಕೊಟ್ಟು, ಉಳಿದ ಟ್ಯಾಬುಗಳಿಗೆ ರಕ್ಷಣೆ ಹಾಕಬೇಕು. ಬರೀ ಕಮೆಂಟ್ ಅನುಮತಿಯಿದ್ದರೆ ಚೌಕ ತುಂಬಲು ಬರುವುದಿಲ್ಲ. ರಕ್ಷಣೆ ಎಂದರೆ ತಿದ್ದಲು ಬಾರದು, ನೋಡಲು ಬರುತ್ತದೆ, ನಕಲು ತೆಗೆಯಲೂ ಬರುತ್ತದೆ. ಬಚ್ಚಿಟ್ಟ ಟ್ಯಾಬನ್ನು ಎಡಿಟರ್ ಆದವರು ತೆರೆಯಬಲ್ಲರು. ಆದ್ದರಿಂದ ಮುಂದಿನ ಟ್ರ್ಯಾಕ್ (ಕಥೆಯ ಎಳೆ), ಯಾರು ಸಾಯುತ್ತಾರೆ, ಯಾರು ಬದಲಾಗುತ್ತಾರೆ ಎನ್ನುವುದನ್ನು ಈ ಕಡತದಲ್ಲಿ ಇಡಲೇಬೇಡಿ. ಬೇರೆ ಕಡತ, ಬೇರೆ ಅನುಮತಿ. ಇಲ್ಲಿರುವುದು ಆಗಿಹೋದದ್ದು ಮಾತ್ರ.

ಊರಿನ ಕಾಲಮಾನಕ್ಕೂ ಒಂದು ಚಿಕ್ಕ ಟ್ಯಾಬ್ ಇದ್ದರೆ ಚೆನ್ನ. ಜನವರಿಯಲ್ಲಿ ತೆಗೆದು ಮುಂದಿನ ಸಂಚಿಕೆಗೆಂದು ಬ್ಯಾಂಕ್ ಇಟ್ಟ ದೃಶ್ಯದಲ್ಲಿ ಅಂಗಳದ ತುಂಬ ಚಾಲಿ ಅಡಿಕೆ ಒಣಗುತ್ತಿರುತ್ತದೆ, ಅದನ್ನು ಜುಲೈ ತಿಂಗಳ ಕಥೆಗೆ ಸೇರಿಸಿದರೆ ತೋಟದವರು ನಗುತ್ತಾರೆ. ಜುಲೈನಲ್ಲಿ ಆ ಮಾವನ ತಲೆಯಲ್ಲಿರಬೇಕಾದದ್ದು ಅಡಿಕೆಯ ಕೊಳೆ ರೋಗ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿಸಿ ಸಿಂಪಡಿಸುವ ಬೋರ್ಡೋ ದ್ರಾವಣ, ಮಳೆ ಬಿಡುವು ಕೊಟ್ಟ ಹೊತ್ತಿಗೆ ಕೈಗೆ ಸಿಗದ ಕೊನೆಗೌಡ (ಅಡಿಕೆ ಮರ ಹತ್ತುವವನು). ಅವನ ಸಿಡುಕಿಗೆ ಕಾರಣ ಬೇರೆ ಹುಡುಕಬೇಕಿಲ್ಲ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2022ರಲ್ಲಿ ಆಯಿತು, 2024ರಲ್ಲಿ ಆಯಿತು. "ಪ್ರತಿ ವರ್ಷ ಜಾತ್ರೆಗೆ ಬರ್ತಿದ್ದೆ" ಎಂದು ಸೊಸೆ ಹೇಳುವಂತಿಲ್ಲ. ಅವಳ ತವರು ಸದಾಶಿವಗಡವಾದರೆ ಕಾಳಿ ನದಿಯ ಸೇತುವೆ ದಾಟಬೇಕು. ಅಲ್ಲಿದ್ದ ಎರಡರಲ್ಲಿ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿಯಿತು. ಎರಡೂ ಸೇತುವೆ ಪೂರ್ತಿ ಕಾಣುವ ಹಳೆಯ ಡ್ರೋನ್ ಶಾಟ್ ಇವತ್ತಿನ ಕಥೆಗೆ ಹೊಂದದು.

ಪಾತ್ರಕ್ಕೆ ಹೊಸ ಕಲಾವಿದರು ಬಂದಾಗ ಈ ಖಾತೆಯ ಬೆಲೆ ತಿಳಿಯುತ್ತದೆ. ಆಗ ಮಾಡುವ ತಪ್ಪು, ಹಳೆಯ ಸಂಚಿಕೆ ತೋರಿಸಿ "ಹೀಗೇ ಮಾಡಿ" ಎನ್ನುವುದು. ಹಾಗೆ ಮಾಡಿದರೆ ಬರುವುದು ಮಿಮಿಕ್ರಿ. ಕಡತದಲ್ಲಿ ಗುರುತು ಹಾಕಿಡಬೇಕು: ಇದು ಪಾತ್ರದ್ದು, ಇದು ಆ ಕಲಾವಿದರ ಸ್ವಂತದ್ದು. ಸೆರಗು ಸೊಂಟಕ್ಕೆ ಸಿಕ್ಕಿಸುವುದು ಪಾತ್ರದ್ದಾಗಿರಬಹುದು, ನಗುವಾಗ ಬಾಯಿಗೆ ಕೈ ಹಿಡಿಯುವುದು ಅವರ ಮನೆಯಿಂದ ಬಂದ ಅಭ್ಯಾಸ. ಮೊದಲನೆಯದು ಉಳಿಯಬೇಕು, ಎರಡನೆಯದು ಅವರ ಜೊತೆಗೇ ಹೋಗಲಿ.

ನೆಟ್‌ವರ್ಕ್ ಇಲ್ಲದ ಕಡೆಯ ಪಾಡು ಬೇರೆ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ, ದೇವಿಮನೆ ಘಟ್ಟದಲ್ಲಿ ಸಿಗ್ನಲ್ ನಂಬಿ ಕೂರುವಂತಿಲ್ಲ. ಫೋನಿನ ಆ್ಯಪ್‌ನಲ್ಲಿ ಕಡತವನ್ನು ಆಫ್‌ಲೈನ್ ಮಾಡಿಟ್ಟುಕೊಂಡರೆ ಓದಲೂ ಬರೆಯಲೂ ಬರುತ್ತದೆ, ಸಿಗ್ನಲ್ ಸಿಕ್ಕಾಗ ಸೇರಿಕೊಳ್ಳುತ್ತದೆ. ಹೊರಡುವ ಮೊದಲು, ನೆಟ್ ಇರುವಾಗಲೇ ಮಾಡಿಕೊಳ್ಳಬೇಕು. ಆದರೆ 132 ಜೋಡಿಯ ಹಾಳೆಯನ್ನು ಆರಿಂಚಿನ ಪರದೆಯಲ್ಲಿ ಓದುವುದೆಂದರೆ ಕಿಂಡಿಯಿಂದ ಯಕ್ಷಗಾನ ನೋಡಿದ ಹಾಗೆ. ವಾರಕ್ಕೊಮ್ಮೆ ಒಬ್ಬೊಬ್ಬ ಕಲಾವಿದರಿಗೆ ಅವರ ಸಾಲು ಮಾತ್ರ ಒಂದು ಎ4 ಹಾಳೆಯಲ್ಲಿ ಪ್ರಿಂಟ್ ಕೊಡಿ, ಅಸಿಸ್ಟೆಂಟ್ ಕೈಯಲ್ಲಿ ಎಲ್ಲರದ್ದೂ ಇರಲಿ.

ದಿನದ ಧಾರಾವಾಹಿಗೆ, ಇಬ್ಬರಿಗಿಂತ ಹೆಚ್ಚು ಜನ ಬರೆಯುವ ಕಡೆ, ಐದರಲ್ಲಿ ನಾಲ್ಕು ಅಂಕ ಕೊಡಬಹುದು. ಕಳೆದ ಒಂದು ಅಂಕ ಧ್ವನಿಗೆ. ಆದರೆ ಇದನ್ನು ದಿನಕ್ಕೆ ಅರ್ಧ ಗಂಟೆ ತುಂಬುವ ಒಬ್ಬ ಮನುಷ್ಯ ಬೇಕೇ ಬೇಕು. ಅಂದಿನ ಶೂಟಿಂಗ್ ಮುಗಿದ ಮೇಲೆ, ಸೀನ್ ಪೇಪರಿನಲ್ಲಿದ್ದದ್ದಲ್ಲ, ಕ್ಯಾಮೆರಾ ಮುಂದೆ ಆಡಿದ್ದನ್ನು ನೋಡಿ ತುಂಬಬೇಕು. ಅಂಥವರಿಲ್ಲದಿದ್ದರೆ ಕಡತ ಇಪ್ಪತ್ತನೇ ಸಂಚಿಕೆಗೆ ನಿಂತುಹೋಗುತ್ತದೆ, ನಿಂತ ಕಡತ ಇಲ್ಲದ್ದಕ್ಕಿಂತ ಕಡೆ, ಏಕೆಂದರೆ ಜನ ಅದನ್ನು ನಂಬಿರುತ್ತಾರೆ. ಕುಮಟಾ, ಶಿರಸಿಯ ಹುಡುಗರು ನಾಲ್ಕು ಪಾತ್ರ ಇಟ್ಟುಕೊಂಡು ಮಾಡುವ ಎಂಟು ಕಂತಿನ ಯೂಟ್ಯೂಬ್ ಸರಣಿಗೆ ಇಷ್ಟೆಲ್ಲ ಬೇಡ. 200 ಪುಟದ ಗೆರೆ ಎಳೆದ ಉದ್ದ ಪುಸ್ತಕ ಸಾಕು, ಆಕ್ಷೇಪಕ್ಕೆ ಹಿಂದಿನ ಇಪ್ಪತ್ತು ಪುಟ ಬಿಡಿ. ಮಳೆಗಾಲದ ಶೂಟಿಂಗಾದರೆ ಅದನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ (ಚೀಲದಲ್ಲಿ) ಇಟ್ಟುಕೊಳ್ಳಿ, ಬರೆಯಲು ಬಾಲ್‌ಪೆನ್ನೇ ಇರಲಿ. ಶಾಯಿ ಪೆನ್ನಿನಲ್ಲಿ ಬರೆದದ್ದು ಒಂದು ಹನಿಗೆ ಹರಡಿ ಹೋಗುತ್ತದೆ.